ಪಾತಾಳ ತೋಡಿದ್ದು ಯಾಕೆ

ತಮ್ಮಾ, ಹಾಲು ಕಾಯಿಸಿ ಮುಚ್ಚಿಟ್ಟಿದ್ದೀನಿ. ಕುಡಿದ ಲೋಟ ತೊಳೆದಿಡು, ನಾನೇನು ನಿನ್ನ ಆಳಲ್ಲ.

ಸಿಕ್ತು ಕಣೋ! ನೀನು ಕತೆ ಕಟ್ಟಿ ಆಡಿಸೋ ಆಟದಲ್ಲಿ ಊರಿನ ಕೆಳಗೆ ಅಷ್ಟು ದೊಡ್ಡ ಪಾತಾಳ ಯಾಕೆ ಅಂತ ಗೆಳೆಯರು ನಗ್ತಾರಲ್ಲ, ಉತ್ತರ ನಮ್ಮ ಹಿತ್ತಲಲ್ಲೇ ಇದೆ. ಗೋಡೆಗೆ ಮಣ್ಣು ಬೇಕು ಅಂತ ಅಪ್ಪ ತೋಡಿದ ಗುಂಡಿಗೆ ಈಗ ಮುರುಕು ಸಾಮಾನೆಲ್ಲ ಸೇರಿಲ್ವಾ? ಆ ಊರೂ ಹಾಗೇ. ಮನೆ ಕಟ್ಟೋಕೆ ಅಡಿಯಿಂದ ಕಲ್ಲು ತೆಗೆದರು, ಆ ಖಾಲಿ ಜಾಗಕ್ಕೆ ಬೇಡದ್ದನ್ನೆಲ್ಲ ತಳ್ಳಿದರು. ಮೊದಲು ಕಸ, ಆಮೇಲೆ ಕಳ್ಳರು. ಕೊನೆಗೆ, ಇನ್ನು ತೋಡಿದರೆ ಊರೇ ಕುಸಿಯುತ್ತೆ ಅಂದ ಮೇಸ್ತ್ರಿಯನ್ನೂ!

ಆ ಪಾತಾಳದಲ್ಲಿ ನೀನಿಟ್ಟಿರೋ ರಾಕ್ಷಸ ಅವನೇ. ಒಬ್ಬನೇ ಕೂತು ಊರು ಕುಸೀದ ಹಾಗೆ ಕಂಬ ಕೊಡ್ತಿದ್ದಾನೆ. ನಿನ್ನ ಗೆಳೆಯರು ಕತ್ತಿ ಹಿಡಿದು ಇಳೀಲಿ, ಅವನನ್ನ ಕೊಂದರೆ, ಊರೇ ತಲೆ ಮೇಲೆ ಬಿದ್ದಾಗ ಗೊತ್ತಾಗುತ್ತೆ!

ಸಂಜೆ ನಾನು ಬರೋ ಮುಂಚೆ ಆಟ ಶುರು ಮಾಡಿದ್ರೆ ನೋಡು. ಆ ಮೇಸ್ತ್ರಿ ಪಾತ್ರ ನಂದೇ.

ಅಕ್ಕ