ಹೆಸರು ಬರೆಯದ ಮೂರು ಪಾತ್ರೆಗಳು

ಸುವಾ ನಗರದ ಗುಡ್ಡದ ಮೇಲಿನ ವಿದ್ಯಾರ್ಥಿನಿ ನಿಲಯದ ಮೇಲ್ವಿಚಾರಕರಿಗೆ,

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಕಚೇರಿಯಲ್ಲಿ ಎರಡು ಕಾರ್ಯಕ್ರಮಗಳಿವೆ. ಮೊದಲನೆಯದು, ಕಿರಿಬಾಸ್ ದ್ವೀಪಗಳಿಂದ ಬಂದಿರುವ ಮೊದಲ ವರ್ಷದ ವಿದ್ಯಾರ್ಥಿನಿ ತಾವೊರಿಬಾಳನ್ನು ಅಡುಗೆಮನೆಯ ನಿಯಮ ಮೂರು ಸಲ ಮುರಿದ ಅಪರಾಧಕ್ಕಾಗಿ ನಿಲಯದಿಂದ ಹೊರಹಾಕುವುದು. ಎರಡನೆಯದು, ಅದೇ ಅಡುಗೆಮನೆಯನ್ನು ‘ಮಾದರಿ ಅಡುಗೆಮನೆ’ ಎಂದು ಘೋಷಿಸಿ, ಅದರ ಪ್ರತಿನಿಧಿಯಾದ ನನ್ನ ಕೈಗೆ ಪ್ರಶಸ್ತಿಪತ್ರ ಕೊಡುವುದು. ನಡುವೆ ಚಹಾ ಇದೆಯಂತೆ. ಆ ಹುಡುಗಿಯ ಮೇಲಿನ ಮೂರೂ ದೂರುಗಳನ್ನು ಬರೆದವಳು ನಾನು. ಅವುಗಳಲ್ಲಿರುವ ಒಂದೊಂದು ಅಕ್ಷರವೂ ನಿಜ, ಆದರೂ ಮೂರೂ ಅನ್ಯಾಯ. ಅನುಮೋದಿತ ನಿಲಯದಲ್ಲಿ ಕೋಣೆ ಇಲ್ಲದಿದ್ದರೆ ಅವಳ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅದು ನಿಂತರೆ ಮುಂದಿನ ವಿಮಾನಕ್ಕೆ ಅವಳು ಊರಿಗೆ. ಇದು ತಮಗೂ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಈ ಪತ್ರವನ್ನು ತಮ್ಮ ಮೇಜಿನ ಮೇಲೆ ಮಾತ್ರ ಇಟ್ಟು ಸುಮ್ಮನಾಗಬಹುದಿತ್ತು. ಆದರೆ ನಮ್ಮ ನಿಯಮಗಳನ್ನು ಎಲ್ಲಿ ಅಂಟಿಸಿದ್ದೆವೋ ಅಲ್ಲೇ, ಅಂದರೆ ನಮ್ಮ ಫ್ರಿಜ್ಜಿನ ಬಾಗಿಲಿಗೆ, ಇದನ್ನೂ ಅಂಟಿಸಿದ್ದೇನೆ, ಉಳಿದ ಮೂರು ಮಹಡಿಗಳ ಫ್ರಿಜ್ಜುಗಳಿಗೂ ಒಂದೊಂದು ಪ್ರತಿ ಹಚ್ಚಿದ್ದೇನೆ. ಹಾಲು ತೆಗೆಯಲು ಬಂದವರೆಲ್ಲ ಓದಲಿ. ನನಗೆ ನಾಚಿಕೆಯಾಗಿದೆ, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ.

ಮೊದಲು ಈ ನಿಯಮಗಳು ಹುಟ್ಟಿದ ಕತೆ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲೂ ಅಪರಾಧಿ ನಾನೇ. ಎರಡನೇ ಮಹಡಿಯಲ್ಲಿ ಕಳೆದ ವರ್ಷ ಇದ್ದವರು ನಾವಿಬ್ಬರು: ಕಂದಾವು ದ್ವೀಪದ ನಾನು, ಲಂಬಾಸಾ ಪಟ್ಟಣದ, ದನದ ಮಾಂಸ ಮುಟ್ಟದ ಮನೆಯ ರೊನೀತಾ. ಒಂದು ದಿನ ಹಸಿವಿನ ಅವಸರದಲ್ಲಿ ಡಬ್ಬಿಯ ದನದ ಮಾಂಸವನ್ನು ಅವಳು ರೊಟ್ಟಿ ಬೇಯಿಸುವ ಹಂಚಿನ ಮೇಲೆ ಹುರಿದುಬಿಟ್ಟೆ. ಆ ಹಂಚು ಅವಳ ಅಜ್ಜಿಯದು. ಅವಳು ಅತ್ತಳು, ಕಿರುಚಿದಳು, ನನ್ನ ಏಳು ತಲೆಮಾರನ್ನು ಹಂಚಿನ ಸುತ್ತ ಸಾಲಾಗಿ ನಿಲ್ಲಿಸಿ ಬೈದಳು. ನಾನು ಹಿತ್ತಲಿಗೆ ಹೋಗಿ ತೆಂಗಿನ ನಾರು, ಬೂದಿ ಹಾಕಿ ಕೈ ಉರಿಯುವಷ್ಟು ಉಜ್ಜಿದೆ. ಆ ಹಂಚನ್ನು ಅವಳು ಮತ್ತೆ ಮುಟ್ಟಲಿಲ್ಲ, ಹೊಸದು ತಂದುಕೊಂಡಳು. ಆದರೆ ಸಂಜೆಯೊಳಗೆ ನನ್ನನ್ನು ಕೂರಿಸಿ ಅವರೆಕಾಳಿನ ಪಲ್ಯ ಬಡಿಸಿದಳು. “ತಿನ್ನು. ಇನ್ನೊಂದ್ ಸಲ ನನ್ ಹಂಚು ಮುಟ್ಟಿದ್ರೆ ನಿನ್ನನ್ನೇ ಅದರ ಮೇಲೆ ಹುರೀತೀನಿ,” ಅಂದಳು. ಜಗಳ ಅಲ್ಲಿಗೆ ಮುಗಿಯಿತು.

ಮುಗಿದ ಜಗಳಕ್ಕೆ ಪರಿಹಾರ ಹುಡುಕುವ ಔದಾರ್ಯವನ್ನು ತಾವು ತೋರಿದಿರಿ. ಮರುದಿನವೇ ಕರೆಸಿ, ಸಹವಾಸಿಗಳ ನಡುವಿನ ಸಂಘರ್ಷವನ್ನು ಹೀಗೆ ಬೂದಿ, ಪಲ್ಯಗಳ ಮೇಲೆ ಬಿಡಬಾರದು, ಲಿಖಿತ ವ್ಯವಸ್ಥೆ ಬೇಕು ಎಂದು ವಿವರಿಸಿದಿರಿ. ರೊನೀತಾ ಆಕಳಿಸಿದಳು. ನಾನು ಮಾತ್ರ ಪೆನ್ನು ತೆಗೆದೆ. ‘ಅಡುಗೆಮನೆ ಸಾಮರಸ್ಯ ಒಪ್ಪಂದ’ದ ಹನ್ನೆರಡು ಕಲಂಗಳೂ ನನ್ನ ಕೈಬರಹ. ಸಾಮರಸ್ಯ ಎಂಬ ಪದ ಮಾತ್ರ ತಮ್ಮದು.

ಕಲಂ ನಾಲ್ಕು: ಅಡುಗೆಮನೆಯಲ್ಲಾಗಲಿ ಮೊಗಸಾಲೆಯಲ್ಲಾಗಲಿ ಕೂಗಿ ಕರೆಯಕೂಡದು. ಕಲಂ ಏಳು: ಪ್ರತಿಯೊಬ್ಬರೂ ತಮ್ಮ ಆಹಾರದ ಮೇಲೆ ಹೆಸರು, ಕೋಣೆಯ ಸಂಖ್ಯೆ, ದಿನ ಬರೆಯತಕ್ಕದ್ದು, ಹೆಸರಿಲ್ಲದ್ದನ್ನು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಎಸೆಯಲಾಗುವುದು. ಕಲಂ ಒಂಬತ್ತು: ಉಲ್ಲಂಘನೆಗೊಂದು ಹಳದಿ ಚೀಟಿ, ಮೂರು ಚೀಟಿಯಾದರೆ ವಿಚಾರಣೆ. ನಮ್ಮ ಊರಿನ ಕಡೆಯವರು ಇದನ್ನು ಓದಿದರೆ ಮೊದಲು ನಾಲ್ಕನೆಯ ಕಲಂ ಮೇಲೆ ಬೆರಳಿಡುತ್ತಾರೆ. ನಮ್ಮಲ್ಲಿ ಬಾಗಿಲು ತೆರೆದಿಟ್ಟು ಉಣ್ಣಬೇಕು, ದಾರಿಯಲ್ಲಿ ಹೋಗುವವರು ಯಾರೇ ಆಗಲಿ ‘ಮಾಯ್ ಕಾನಾ’, ಬನ್ನಿ ಊಟಕ್ಕೆ, ಎಂದು ಕೂಗಬೇಕು. ಬರುವವರು ಬರುತ್ತಾರೆ, ಹೊಟ್ಟೆ ತುಂಬಿದವರು ಕೈಮಾಡಿ ಮುಂದೆ ಹೋಗುತ್ತಾರೆ. ಕೂಗದೆ ಉಣ್ಣುವುದು ಬೆನ್ನು ತಿರುಗಿಸಿ ಉಂಡ ಹಾಗೆ. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲನೇ ವರ್ಷವಿಡೀ ಕೂಗಿ ಕೂಗಿ, ನಗರದಲ್ಲಿರುವ ನನ್ನ ಅಕ್ಕತಂಗಿಯರೆಲ್ಲ ದಂಡಾಗಿ ಬಂದು ನನ್ನ ಅಕ್ಕಿ ಖಾಲಿ ಮಾಡಿ ಹೋಗಿದ್ದರು. ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ನಿಯಮಕ್ಕೆ ಆ ಧೈರ್ಯವಿತ್ತು. ನನ್ನ ಕಪಾಟಿಗೆ ಹಿತ್ತಾಳೆಯ ಬೀಗವನ್ನೂ ಹಾಕಿಕೊಂಡೆ. ಸತ್ಯ ಹೇಳುತ್ತೇನೆ, ಆ ಬೀಗ ನನಗೆ ತುಂಬ ಇಷ್ಟವಾಗಿತ್ತು. “ಪೊಲೀಸಮ್ಮ ಬಂದ್ಲು, ಎಲ್ಲ ಬಾಯಿ ಮುಚ್ಕೊಂಡು ಅಗಿಯಿರಿ,” ಎಂದು ರೊನೀತಾ ಛೇಡಿಸಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಫೆಬ್ರವರಿಯಲ್ಲಿ ತಾವೊರಿಬಾ ಮೂರನೇ ಕೋಣೆಗೆ ಬಂದಳು. ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ. ಎದುರು ಸಿಕ್ಕರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಒಪ್ಪಂದದ ಪ್ರತಿ ಕೊಟ್ಟು ಸಹಿ ಹಾಕಿಸಿಕೊಂಡೆ. ಇದೇ ಅವಳಿಗೆ ನನ್ನ ಸ್ವಾಗತ.

ಮಾರ್ಚ್ ತಿಂಗಳ ಒಂದು ಶನಿವಾರ ಒಲೆಯ ಮೇಲೆ ದೊಡ್ಡ ಪಾತ್ರೆ ಕಂಡಿತು. ಹಿಂದಿನ ಸಂಜೆ ಮಾಡಿದ ಅನ್ನ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು. ನಾಲ್ಕು ಜನಕ್ಕಾಗುವಷ್ಟು. ಹೆಸರಿಲ್ಲ, ಸಂಖ್ಯೆಯಿಲ್ಲ, ದಿನವಿಲ್ಲ. ಸರಿಯಾಗಿ ಒಂಬತ್ತಕ್ಕೆ ಅದನ್ನು ಕಸದ ತೊಟ್ಟಿಗೆ ಸುರಿದೆ. ಪಾತ್ರೆ ಅವಳದೆಂದು ಗುರುತಿಸಿ, ಚೆನ್ನಾಗಿ ತೊಳೆದು ಅವಳ ಬಾಗಿಲ ಮುಂದಿಟ್ಟು, ಕೆಳಗಿನ ಸಂದಿಯಿಂದ ಹಳದಿ ಚೀಟಿ ತಳ್ಳಿದೆ. ಚೀಟಿಯಲ್ಲಿ ‘ಕಲಂ ೭’ ಎಂದಷ್ಟೇ ಇತ್ತು. ಏಪ್ರಿಲಿನಲ್ಲಿ ಮತ್ತೊಂದು ಪಾತ್ರೆ. ಈ ಸಲ ತೆಂಗಿನ ಹಾಲಿಲ್ಲ, ಸಿಹಿಗುಂಬಳ ಹಾಕಿದ್ದಳು. ಮೇ ತಿಂಗಳಲ್ಲಿ ಮೂರನೆಯದು. ಮೀನೂ ಇಲ್ಲ, ಅನ್ನದ ಜೊತೆ ಒಗ್ಗರಣೆ ಹಾಕಿದ ತಿಳಿ ಬೇಳೆಸಾರು. ಎಷ್ಟು ಮೊಂಡು ಹುಡುಗಿ, ಅಂದುಕೊಂಡೆ. ಮೂರನೆಯದನ್ನು ಸುರಿಯುವಾಗ ಘಮ ಬಂದು ಬಾಯಲ್ಲಿ ನೀರೂರಿತು. ಆದರೂ ಸುರಿದೆ. ಅಷ್ಟು ಕಟ್ಟುನಿಟ್ಟು ನಾನು.

ನಂತರ ತಮ್ಮ ಕಚೇರಿಯಲ್ಲಿ ನಡೆದ ‘ಸಾಮರಸ್ಯ ಸಭೆ’ ತಮಗೆ ನೆನಪಿರಬಹುದು. ಯಾವುದೋ ಕಾಗದಗಳಿಗೆ ಸಹಿ ಹಾಕುತ್ತಲೇ ತಾವು ಅವಳನ್ನು ಎರಡು ಪ್ರಶ್ನೆ ಕೇಳಿದಿರಿ.

“ಪಾತ್ರೆ ನಿಂದೇನಮ್ಮ?”

“ಹೌದು ಸರ್, ನಂದು.”

“ಅದರಲ್ಲಿದ್ದ ಅಡುಗೆ?”

“ಅದು ನಂದಲ್ಲ ಸರ್.”

ತಾವು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದಿರಿ. ನಾನು ನಕ್ಕೆ. ‘ನೋಡಿದಿರಲ್ಲ, ಎಂಥವಳು’ ಎಂಬ ನಗು. ತಾವು ‘ಸುಳ್ಳು ಹೇಳಿಕೆ’ ಎಂದು ಬರೆದುಕೊಂಡಿರಿ. ಅವಳು ತಲೆ ತಗ್ಗಿಸಿದಳು, ಮತ್ತೆ ಬಾಯಿ ತೆರೆಯಲಿಲ್ಲ. ಆ ಮೌನವನ್ನು ತಪ್ಪೊಪ್ಪಿಗೆ ಎಂದು ನಾನೇ ನಡಾವಳಿಯಲ್ಲಿ ಸೇರಿಸಿದೆ. ಮಾನ್ಯರೇ, ಆ ಕೋಣೆಯಲ್ಲಿ ಅಂದು ಮೂವರಿದ್ದೆವು, ಸತ್ಯ ಹೇಳಿದವಳು ಒಬ್ಬಳೇ. ಅದನ್ನು ತಿಳಿಯಲು ನನಗೆ ಮೊನ್ನೆ ಮಂಗಳವಾರದವರೆಗೆ ಬೇಕಾಯಿತು.

ಮಂಗಳವಾರ ನನ್ನ ಚಿಕ್ಕಮ್ಮ ವಸೀತಿ ಕಂದಾವಿನ ಹಡಗಿನಲ್ಲಿ ಬಂದಳು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ, ಸುಟ್ಟ ಮೀನು. ಮಧ್ಯಾಹ್ನ ಅಡುಗೆಮನೆಗೆ ಬಂದವಳೇ ಕುರ್ಚಿಗಳನ್ನು ಪಕ್ಕಕ್ಕೆ ತಳ್ಳಿ, ನೆಲಕ್ಕೆ ಚಾಪೆ ಹಾಸಿ, ಬಾಗಿಲು ಪೂರ್ತಿ ತೆರೆದು, ಉಸಿರೆಳೆದು ಕೂಗಿದಳು. ಊರಿನ ಸಮುದ್ರದಂಡೆಗೆ ಕೇಳಿಸುವ ಗಂಟಲು ಅದು. ನಾನು ಓಡಿಹೋಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಇಲ್ಲಿ ಕೂಗುವ ಹಾಗಿಲ್ಲ, ಕಲಂ ನಾಲ್ಕು, ಅಂದೆ.

“ಏನೇ ಇದು, ಹಾಸ್ಟೆಲ್ಲೋ ಜೈಲೋ?” ಅಂದಳು ಚಿಕ್ಕಮ್ಮ. “ಜೈಲಲ್ಲೂ ಊಟಕ್ಕೆ ಕರೀತಾರೆ ಕಣೇ.”

ಅಷ್ಟರಲ್ಲಿ ಮೂರನೇ ಕೋಣೆಯ ಬಾಗಿಲು ತೆರೆಯಿತು. ತಾವೊರಿಬಾ ಬಂದಳು. ಕೈಯಲ್ಲಿ ತಟ್ಟೆಯಿತ್ತು. ಹುಡುಕಿ ತರುವಷ್ಟು ಹೊತ್ತು ಆಗಿರಲಿಲ್ಲ. ತಟ್ಟೆ ಬಾಗಿಲ ಹಿಂದೆಯೇ ಇತ್ತು, ಫೆಬ್ರವರಿಯಿಂದಲೂ ಅಲ್ಲೇ ಇತ್ತು ಅನ್ನಿಸುತ್ತದೆ. ಅವಳು ಚಾಪೆಯ ಅಂಚಿನಲ್ಲಿ ಕೂತು ಪ್ರಾರ್ಥನೆಗೆ ತಲೆಬಾಗಿಸಿ, ಉಣ್ಣತೊಡಗಿದಳು. ಚಿಕ್ಕಮ್ಮ ಗೆಡ್ಡೆಯ ಮೇಲೆ ಗೆಡ್ಡೆ ಬಡಿಸುತ್ತ ನನ್ನ ಮುಖವನ್ನೊಮ್ಮೆ ಅವಳ ತಟ್ಟೆಯನ್ನೊಮ್ಮೆ ನೋಡುತ್ತಿದ್ದಳು.

ಯಾಕಮ್ಮ, ನೀನು ಅಡುಗೆ ಮಾಡ್ಕೊಳ್ಳಲ್ವಾ ಎಂದು ಚಿಕ್ಕಮ್ಮ ಕೇಳಿದಳು. ಆಗ ಆ ಹುಡುಗಿ ನಾಲ್ಕು ತಿಂಗಳಲ್ಲಿ ಮೊದಲ ಸಲ ಇಷ್ಟುದ್ದ ಮಾತಾಡಿದಳು.

“ಮಾಡಿದ್ದೆ ಅಮ್ಮ, ಮೂರ್ ಸಲ, ಎಲ್ಲರಿಗೂ ಅಂತ. ನಾನು ಹೊಸಬಳಲ್ವಾ, ನಾನೇ ಮೊದಲು ಉಣ್ಣಿಸ್ಬೇಕಿತ್ತು. ಇಲ್ಲಿ ಕೂಗೋ ಹಾಗಿಲ್ಲ, ಅದಕ್ಕೆ ಒಲೆ ಮೇಲೆ ಇಟ್ಟು ಕಾಯ್ತಿದ್ದೆ. ಇವರಿಗೆ ಹಿಡಿಸ್ಲಿಲ್ಲ, ಚೆಲ್ಲಿಬಿಟ್ರು. ತೆಂಗಿನ ಹಾಲು ಜಾಸ್ತಿ ಆಯ್ತೇನೋ ಅಂತ ಎರಡನೇ ಸಲ ಬಿಟ್ಟೆ. ಮೂರನೇ ಸಲ ರೊನೀತಕ್ಕನ ಹತ್ರ ಬೇಳೆಸಾರು ಕಲಿತು ಮಾಡ್ದೆ. ಅದೂ ಸೇರ್ಲಿಲ್ಲ.”

ಹೆಸರು ಯಾಕೆ ಬರೆಯಲಿಲ್ಲ, ನಿಯಮ ಓದಿರಲಿಲ್ಲವಾ, ಅಂತ ನಾನು ಕೇಳಿದೆ. ಆ ಹೊತ್ತಿನಲ್ಲೂ ಕೇಳಿದೆ.

“ಓದಿದೀನಿ ಅಕ್ಕ. ತಮ್ಮ ಊಟದ ಮೇಲೆ ತಮ್ಮ ಹೆಸರು ಅಂತಿದೆ. ನನ್ನೊಬ್ಬಳದೇ ಆಗಿದ್ರೆ ಬರೀತಿದ್ದೆ. ನಿಮ್ಮೆಲ್ಲರ ಊಟದ ಮೇಲೆ ನನ್ನ ಹೆಸರು ಹೇಗೆ ಬರೀಲಿ?”

ಅವಳು ಕೋಣೆಯಲ್ಲಿ ಬಿಸ್ಕತ್ತು, ಚಹಾಗಳಲ್ಲಿ ದಿನ ದೂಡುತ್ತಿದ್ದಳು. ನಾವು ಯಾರೂ ಕರೆಯಲಿಲ್ಲ, ಅವಳು ಕೊಟ್ಟದ್ದನ್ನು ನಾವು ಮುಟ್ಟಲಿಲ್ಲ. ಹೀಗಿರುವಾಗ ನಮ್ಮ ಒಲೆಯ ಮೇಲೆ ತನಗೊಬ್ಬಳಿಗೇ ಬೇಯಿಸಿಕೊಂಡು ಉಣ್ಣಲು ಅವಳಿಗೆ ಸಂಕೋಚ. ನಾನೂ ದ್ವೀಪದಲ್ಲಿ ಹುಟ್ಟಿದವಳು. ಬೇರೆ ಯಾರಿಗೆ ಅರ್ಥವಾಗದಿದ್ದರೂ ಇದು ನನಗೆ ಅರ್ಥವಾಗಬೇಕಿತ್ತು. ಅವಳದೊಂದು ಪಾತ್ರೆಯ ಮುಚ್ಚಳ ತೆಗೆದು ಇದು ಯಾರಿಗೆ ಎಂದು ಕೇಳಿದ್ದರೆ ಸಾಕಿತ್ತು. ನಾನು ಮುಚ್ಚಳ ತೆಗೆದದ್ದು ಸುರಿಯುವುದಕ್ಕೆ.

ರೊನೀತಾಳಿಗೆ ಹೇಳಿದೆ. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿದಳು. ಒಗ್ಗರಣೆಗೆ ಜೀರಿಗೆ ಮೊದಲೋ ಬೆಳ್ಳುಳ್ಳಿ ಮೊದಲೋ ಎಂದು ಆ ಹುಡುಗಿ ಬಾಗಿಲಲ್ಲಿ ನಿಂತು ಕೇಳಿದ್ದಳಂತೆ, ಪರೀಕ್ಷೆಯ ಗಡಿಬಿಡಿಯಲ್ಲಿ ಇವಳು ತಲೆಯೆತ್ತದೆ ಉತ್ತರಿಸಿದ್ದಳಂತೆ. “ನೀನು ಚೆಲ್ಲಿದೆ, ನಾನು ತಲೆ ಎತ್ತಲಿಲ್ಲ. ಯಾರು ಯಾರನ್ನ ಹುರಿಯೋದು ಈಗ?” ಅಂದಳು. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಹೊರಡುವ ಮುನ್ನ ಚಿಕ್ಕಮ್ಮ ಕಪಾಟಿನ ಮುಂದೆ ನಿಂತು, ಈ ಬೀಗ ಯಾರದು ಎಂದು ಕೇಳಿದಳು. ನನ್ನದು, ಅಂದೆ. ಅವಳು ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ, ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಅವಳು ಖಾಲಿ ಬುಟ್ಟಿ ಎತ್ತಿಕೊಂಡು, ನನ್ನ ತಲೆ ಸವರಿ, ಮೆಲ್ಲಗೆ ಅಂದಳು: “ಊರಲ್ಲಿ ಯಾರಿಗೂ ಹೇಳಲ್ಲ ಬಿಡು.”

ಅಂದು ಸಂಜೆ ತಾವೊರಿಬಾಳ ಕ್ಷಮೆ ಕೇಳಿದೆ. ಅವಳು ನನಗಿಂತ ಹೆಚ್ಚು ಮುಜುಗರಪಟ್ಟು, ತಪ್ಪು ತನ್ನದೇ, ಇಲ್ಲಿನ ಪದ್ಧತಿ ತನಗೆ ಗೊತ್ತಾಗಲಿಲ್ಲ, ಇನ್ನು ಸರಿಮಾಡಿಕೊಳ್ಳುತ್ತೇನೆ ಎಂದಳು. ಕ್ಷಮಿಸಿದಳೆಂದು ನಾನು ನಿದ್ದೆ ಮಾಡಿದೆ. ಇಂದು, ಗುರುವಾರ ಬೆಳಿಗ್ಗೆ, ಫ್ರಿಜ್ ತೆರೆದರೆ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಡಬ್ಬಿ ಇದೆ. ಒಬ್ಬರಿಗಾಗುವಷ್ಟು ಅನ್ನ, ಅರ್ಧ ಮೀನು. ಮೇಲೆ ಬಿಳಿ ಚೀಟಿ, ಗುಂಡಗಿನ ಅಕ್ಷರ: ‘ತಾವೊರಿಬಾ. ಕೋಣೆ ೩. ಗುರುವಾರ.’ ಹೆಸರಿನ ಕೆಳಗೆ ಅಡಿಕೋಲು ಹಿಡಿದು ಗೆರೆಯನ್ನೂ ಎಳೆದಿದ್ದಾಳೆ.

ತಮ್ಮ ವಾರ್ಷಿಕ ವರದಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೇ? ಕಲಂ ಏಳು ಗೆದ್ದಿದೆ, ಹುಡುಗಿ ತಿದ್ದಿಕೊಂಡಿದ್ದಾಳೆ. ಆ ಚೀಟಿಯನ್ನು ಕಿತ್ತುಹಾಕಲು ಎರಡು ಸಲ ಕೈ ಚಾಚಿದೆ. ಹಕ್ಕಿಲ್ಲ ಅನ್ನಿಸಿತು. ಅದನ್ನು ಅವಳೇ ಕೀಳಬೇಕು, ಅದಕ್ಕೆ ಅವಳು ಇಲ್ಲೇ ಇರಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಾನು ಬರೆದ ಮೂರು ಹಳದಿ ಚೀಟಿಗಳನ್ನು ಹರಿಯಬೇಕು. ತಾವು ಬರೆದ ‘ಸುಳ್ಳು ಹೇಳಿಕೆ’ ಎಂಬುದನ್ನು ತಾವೇ, ಅವಳ ಎದುರಿಗೇ, ಹೊಡೆದು ಹಾಕಬೇಕು. ಈ ಒಪ್ಪಂದವನ್ನು ಉಳಿದ ಮಹಡಿಗಳಿಗೆ ಹಬ್ಬಿಸುವ ಉತ್ಸಾಹವನ್ನು ದಯವಿಟ್ಟು ಬಿಡಬೇಕು. ಅಲ್ಲಿನವರು ಹಂಚಿಗಾಗಿ ಕಿರುಚಾಡಿಕೊಳ್ಳಲಿ, ಸಂಜೆಗೆ ಪಲ್ಯ ಬಡಿಸಿಕೊಳ್ಳಲಿ. ಕಡತಕ್ಕೆ ಯಾರಾದರೊಬ್ಬರು ಹೊರಹೋಗಲೇಬೇಕೆಂದಿದ್ದರೆ ನನ್ನ ಸಾಮಾನು ಕಟ್ಟಿಟ್ಟಿದ್ದೇನೆ. ಬೀಗ ಒಡೆದಾಗಿದೆ, ಕಪಾಟು ಖಾಲಿ.

ಸೋಮವಾರ ಹತ್ತು ಗಂಟೆಗೆ ನಾನೂ ರೊನೀತಾಳೂ ತಮ್ಮ ಕಚೇರಿಗೆ ಬರುವುದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಇರುತ್ತೇವೆ. ಒಲೆಯ ಮೇಲೆ ದೊಡ್ಡ ಪಾತ್ರೆ ಇರುತ್ತದೆ, ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಈ ಸಲ ಅಡುಗೆ ನನ್ನದು. ಮೂರನೇ ಕೋಣೆಯ ಬಾಗಿಲು ತೆರೆಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತೆರೆಯುವವರೆಗೆ ಕೂಗುತ್ತೇನೆ. ಕೂಗು ತಮ್ಮ ಕಚೇರಿಗೂ ಕೇಳಿಸಿದರೆ, ತಟ್ಟೆ ಹಿಡಿದುಕೊಂಡು ಬನ್ನಿ.

ಇಂತಿ,
ಮೂರು ಸಲ ಊಟಕ್ಕೆ ಕರೆಸಿಕೊಂಡು ಮೂರು ಸಲವೂ ಚೀಟಿ ಕೊಟ್ಟ
ಕೆಲೆರಾ,
ಎರಡನೇ ಮಹಡಿಯ ಅಡುಗೆಮನೆಯ ಪ್ರತಿನಿಧಿ, ಸೋಮವಾರದವರೆಗೆ