ಮೂರು ಮಳೆಗಾಲದ ಸಮುದ್ರ

ವಾರಜೆ, ಪುಣೆ
೧೪ ಅಕ್ಟೋಬರ್ ೨೦೨೫

ನೀರಿನ ಮೇಲಿರುವ ಮಗಳು ರೇಣುಗೆ, ನೆಲದ ಮೇಲಿರುವ ಅವ್ವನ ಸಾವಿರ ಹರಕೆಗಳು.

ನಾನಿಲ್ಲಿ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ಹತ್ತು ದಿನದಿಂದ ಬರೆಯುತ್ತೇನೆ, ಹರಿದುಹಾಕುತ್ತೇನೆ. ಭಾನುವಾರ ನೀನು ಹಡಗಿನಿಂದ ಮಾತಾಡಿದ ಐದು ನಿಮಿಷವನ್ನೂ ಉಂಡೆಯಾ, ವಾಂತಿ ನಿಂತಿತೇ ಎಂದು ಕೇಳಿಯೇ ಕಳೆದುಬಿಟ್ಟೆ. ಇಪ್ಪತ್ತನೇ ತಾರೀಕು ನಿಮ್ಮ ಹಡಗು ಕೊಚ್ಚಿ ಮುಟ್ಟುತ್ತದಂತೆ. ಅಲ್ಲಿಗೇ ಕೊರಿಯರ್ ಮಾಡುತ್ತಿದ್ದೇನೆ. ಕುಳಿತುಕೊಂಡು ಓದು.

ನಿನ್ನ ಫ್ರೀಜರು ಸತ್ತಿತು, ಮಗಳೇ.

ಮೈನಸ್ ಎಂಬತ್ತು ಡಿಗ್ರಿಯ ಆ ಬಿಳಿ ಪೆಟ್ಟಿಗೆ, ನಾಟಕ ಕಂಪನಿ ಮುಚ್ಚಿ ನಾನು ಈ ಪ್ರಯೋಗಶಾಲೆಯ ಕೆಲಸಕ್ಕೆ ಸೇರಿದಂದಿನಿಂದ ದಿನಾ ಒರೆಸಿದ ಪೆಟ್ಟಿಗೆ, ದಸರೆಯ ರಜೆಯಲ್ಲಿ ಕೆಟ್ಟು ನಿಂತಿತು. ಶುಕ್ರವಾರ ಬೆಳಿಗ್ಗೆ ನಿನ್ನ ಗೈಡ್ ನೀಲಿಮಾ ಮ್ಯಾಡಮ್ ಬಾಗಿಲು ತೆಗೆದರೆ ಹೊಗೆಯಂಥ ತಂಪು ಬರಲಿಲ್ಲ, ನೀರು ಬಂತು. ನೀನು ಮೂರು ಮಳೆಗಾಲ ಸಮುದ್ರ ಸೋಸಿ ತಂದ ಆ ದುಂಡನೆಯ ಸೋಸುಕಾಗದಗಳು, ಅವುಗಳಿದ್ದ ನಾನೂರ ಹನ್ನೆರಡು ಕೊಳವೆಗಳು, ಎಲ್ಲ ಬೆಚ್ಚಗಾಗಿದ್ದವು. ಮ್ಯಾಡಮ್ ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

ನೀನು ಮೊದಲ ಸಲ ಹಡಗು ಹತ್ತುವ ಮುಂಚೆ ಅಡುಗೆಮನೆಯಲ್ಲಿ ನನಗೆ ಪಾಠ ಮಾಡಿದ್ದೆಯಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಆಳದ ತಣ್ಣೀರು ಸಾರ ಹೊತ್ತು ಮೇಲೇಳುತ್ತದೆ, ಕಣ್ಣಿಗೆ ಕಾಣದ ಪಾಚಿ ಅದನ್ನುಂಡು ಹಬ್ಬುತ್ತದೆ. ಪಾಚಿ ಸೋರಿಸಿದ್ದು ಬ್ಯಾಕ್ಟೀರಿಯಾದ ಊಟ, ಬ್ಯಾಕ್ಟೀರಿಯಾ ಒಂದೇ ಕೋಶದ ಜೀವಿಯ ಊಟ, ಅದು ಮತ್ತೊಂದರ ಊಟ. ಹೀಗೆ ಬಂಗಡೆ ಮೀನಿನ ತನಕ ಪಂಕ್ತಿ. ಚಳಿಗಾಲಕ್ಕೆ ಪ್ರವಾಹ ಉತ್ತರಕ್ಕೆ ತಿರುಗಿತೋ, ಪಂಕ್ತಿಯೇ ಬೇರೆ. ಯಾರು ಎದ್ದರು, ಯಾರು ಬಂದು ಕೂತರು ಎಂಬುದೇ ನಿನ್ನ ಪ್ರಶ್ನೆ. ನಾನು ಸೌಟು ಎತ್ತಿ ಹಿಡಿದು ಸಾರಿದ್ದೆ: ಇದು ಸಾಕ್ಷಾತ್ ನಮ್ಮ ಕಂಪನಿ, ಪ್ರವಾಹವೇ ಮಾಲೀಕ, ಅವನು ಡೇರೆ ಕಿತ್ತರೆ ರಾಜನೂ ಗಂಟು ಕಟ್ಟಬೇಕು, ವಿದೂಷಕನೂ ಗಂಟು ಕಟ್ಟಬೇಕು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮತ್ತೊಮ್ಮೆ ಹೋಗಿ ತಂದರಾಗದೇ ಎಂದು ಮ್ಯಾಡಮ್‌ಗೆ ಕೇಳಿದೆ. ಅವರು ಮರಾಠಿಯಲ್ಲಿ, ಮಗುವಿಗೆ ತಿಳಿಹೇಳುವವರ ಹಾಗೆ, ಆ ನೀರು ಹರಿದುಹೋಯಿತು ಮಾವಶಿ ಎಂದರು. ಆ ವರ್ಷದ ಪ್ರವಾಹ ಆ ವರ್ಷದ್ದೇ. ರೇಣು ಈಗ ತರುತ್ತಿರುವುದನ್ನು ಇನ್ನು ಯಾವುದರ ಜೊತೆ ಹೋಲಿಸುವುದು ಎಂದರು.

ರಂಗದ ಮೇಲೆ ನಾನು ಎಷ್ಟು ರಾಜ್ಯ ಕಳೆದುಕೊಂಡಿಲ್ಲ! ಎಷ್ಟು ಸಲ ಎದೆ ಬಡಿದುಕೊಂಡು ಆಕಾಶಕ್ಕೆ ಕೈ ಚಾಚಿಲ್ಲ! ಅಂದು ಮಾತ್ರ ನೆಲ ಒರೆಸುವ ಬಟ್ಟೆ ಹಿಂಡುತ್ತಾ ನಿಂತಿದ್ದೆ.

ಈಗ ಎಲ್ಲರ ಬೆರಳು ಕಾವಲಿನ ಫಕೀರಪ್ಪನ ಕಡೆ. ನಮ್ಮ ಬಾದಾಮಿ ಕಡೆಯವನು, ನಿನಗೆ ಗೊತ್ತಲ್ಲ. ಖಂಡೇನವಮಿಯ ಬೆಳಿಗ್ಗೆ ನಿನ್ನ ಫ್ರೀಜರಿನ ಪೂಜೆಗೆಂದು ಚೆಂಡುಹೂ ತಂದುಕೊಟ್ಟು, "ಅಕ್ಕಾರ, ಸಮುದ್ರಕ್ಕ ಆರತಿ ಮಾಡಾಕತ್ತೀರಿ, ಪ್ರಸಾದ ಅಂತ ಮೀನ ಕೊಡ್ತೀರೇನು?" ಎಂದು ಕಾಡಿದ್ದ. ಅಂದು ಸಂಜೆಯಿಂದ ಪಾಳಿ ಅವನದೇ. ಫ್ರೀಜರು ಬಿಸಿಯಾದರೆ ಅಲಾರಾಂ ಕೂಗಲೇಬೇಕು, ನೀನು ನಿದ್ದೆ ಹೊಡೆದಿದ್ದೀ ಎಂದು ಮೇಲಿನವರು ಬರೆಸಿಕೊಂಡರು. ಈ ತಿಂಗಳು ಮೂವತ್ತೊಂದಕ್ಕೆ ಅವನ ಕೆಲಸ ಮುಗಿಯುತ್ತದೆ. ಮೊನ್ನೆ ಗೇಟಿನಲ್ಲಿ ನನ್ನ ಮುಖ ನೋಡದೆ ಹೇಳಿದ:

"ಅದು ಒಮ್ಮಿನೂ ಒದರಿಲ್ರಿ, ಅಕ್ಕಾರ. ನಾ ಎಚ್ಚರ ಇದ್ದೆ. ನೀವರೆ ನಂಬ್ರಿ."

ನಂಬುತ್ತೇನಪ್ಪಾ ಎಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಟಕಟೆಗೆ ಒರಗಿ ನಿಲ್ಲಬೇಡ. ಸವದತ್ತಿ ಯಲ್ಲವ್ವ ನಿನ್ನ ಹಡಗಿಗೆ ಬೆನ್ನಾಗಿ ನಿಲ್ಲಲಿ, ನೂರು ವರ್ಷ ತುಂಬಿ ಬಾಳು.

ನಿನ್ನ ಅವ್ವ,
ಪಾರವ್ವ

ತಾ.ಕ.: ಅಲಾರಾಂ ಕೂಗಿತ್ತು, ರೇಣು. ಫಕೀರಪ್ಪ ಪಾಳಿಗೆ ಬರುವ ಮುಂಚೆ, ಪೂಜೆಯ ಮಧ್ಯಾಹ್ನ. ಎಲ್ಲರೂ ರಜೆಗೆ ಹೊರಟುಹೋಗಿದ್ದರು, ಕೋಣೆಯಲ್ಲಿ ನಾನೊಬ್ಬಳೇ. ಟ್ರಂಕಿನಲ್ಲಿದ್ದ ಕಂಪನಿಯ ಕೆಂಪು ಮಖಮಲ್ಲಿನ ಪರದೆಯನ್ನು, ನಿನ್ನ ಫ್ರೀಜರು ಅರಮನೆಯಂತೆ ಕಾಣಲೆಂದು, ಮೇಲಿನಿಂದ ಕೆಳಗಿನವರೆಗೆ ಹೊದಿಸಿದ್ದೆ. ಕೆಳಗಿನ ಜಾಲರಿಯಿಂದ ಅದು ಉಸಿರಾಡುತ್ತದೆಂದು ಹೊಳೆಯಲಿಲ್ಲ. ಆರತಿಯ ನಡುವೆ ಚೀರತೊಡಗಿತು. ಕೂಗಿದರೆ ಗುಂಡಿ ಒತ್ತಿ ನನಗೆ ಫೋನ್ ಮಾಡು ಎಂದು ಮ್ಯಾಡಮ್ ಕಲಿಸಿದ್ದರು. ಗುಂಡಿ ಒತ್ತಿದೆ. ಹಳೆಯ ಯಂತ್ರ, ಒಮ್ಮೆ ಸುಮ್ಮನಾಗಿಸಿದರೆ ಮತ್ತೆ ಕೂಗುವುದಿಲ್ಲ. ಆರತಿ ಮುಗಿಸಿದೆ, ಫೋನ್ ಮರೆತೆ. ಪೂಜೆಗಿಟ್ಟದ್ದನ್ನು ಮರುದಿನದ ತನಕ ಮುಟ್ಟಬಾರದು ಎಂಬುದು ಕಂಪನಿಯ ಪದ್ಧತಿ. ಪರದೆ ಹಾಗೆಯೇ ಬಿಟ್ಟು ಬೀಗ ಹಾಕಿ ಬಂದೆ. ಶುಕ್ರವಾರ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ಚೀಲಕ್ಕೆ ತುರುಕಿದವಳೂ ನಾನೇ.

ಮ್ಯಾಡಮ್ ಬಾಗಿಲಿಗೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಚಹಾ ಬೇಕೇ ಎಂದು ಕೇಳಿ ತಿರುಗಿ ಬಂದೆ. ಕೊಚ್ಚಿಯಲ್ಲಿ ಫೋನ್ ಸಿಗುತ್ತದಲ್ಲ, ನೀನೇ ಅವರಿಗೆ ಹೇಳಿಬಿಡು. ನಿನ್ನದನ್ನು ಹಾಳು ಮಾಡಿದವಳು ನಿನ್ನನ್ನೇ ಕೇಳುತ್ತಿದ್ದೇನೆ, ಬೇರೆ ಯಾರನ್ನು ಕೇಳಲಿ? ಮೂವತ್ತೊಂದರ ಒಳಗೆ ಹೇಳು.