ಮುರಿದ ಕೊಂಬೆಗಳ ವಿಚಾರ

ಹಿರೇಗುತ್ತಿ,
೧೬ ಫೆಬ್ರವರಿ ೨೦೦೩, ಆದಿತ್ಯವಾರ

ಪ್ರೀತಿಯ ತಮ್ಮ ಇನಾಸನಿಗೆ,

ಅಕ್ಕನಾಗಿ ಆಶೀರ್ವಾದ ಮಾಡಬೇಕೋ, ನೀನು ಪಾದ್ರಿ ಅಂತ ಕೈಮುಗಿಯಬೇಕೋ, ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಎರಡನ್ನೂ ತೆಗೆದುಕೋ.

ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಾರ್ಡಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಬೇಡ. ಡೈರಿಯಲ್ಲಿ ದಿನಾ ನಾಲ್ಕು ಸಾಲು ಬರೆಯುವವಳು ನಾನು. ಆದರೆ ನಿನಗೆ ಬರೆಯಲು ಕೂತರೆ ಜೆರೋಮನ ಹೆಸರು ಬರೆಯದೆ ಮುಂದೆ ಹೋಗಲಾಗುವುದಿಲ್ಲ, ಬರೆದರೆ ಕೈ ನಿಂತುಬಿಡುತ್ತದೆ. ನಿನ್ನ ಕಾರ್ಡಿನಲ್ಲೂ ಅವನ ಹೆಸರಿರಲಿಲ್ಲ.

ಮಾರ್ಚ್ ಹನ್ನೊಂದಕ್ಕೆ ನನ್ನ ಮಗ ಹೋಗಿ ವರ್ಷವಾಗುತ್ತದೆ. ಕುಮಟೆಯ ಇಗರ್ಜಿಯಲ್ಲಿ ಅವನ ವರ್ಷದ ಪೂಜೆಯನ್ನು ನೀನೇ ಮಾಡಬೇಕೆಂದು ನನ್ನ ಆಸೆ. ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಆಸ್ಪತ್ರೆಗೆ ನೀನು ರೋಗಿಗೆ ಹಚ್ಚಿ ಪ್ರಾರ್ಥಿಸುವ ತೈಲ ಹಿಡಿದು ಬಂದಾಗ ಅವನು ಗೋಡೆಯ ಕಡೆ ತಿರುಗಿಕೊಂಡು, "ನಂಗೆ ಇದರ ಮೇಲೆ ನಂಬಿಕೆ ಇಲ್ಲ ಮಾಮ, ನೀ ಹೋಗು" ಅಂದ. ನೀನು ಹೋದೆ. ಮಣ್ಣಿಗೆ ಬಂದು ನಿಂತೆ, ಅಲ್ಲಿಂದಲೇ ಹೊರಟುಹೋದೆ. ಆಮೇಲೆ ನಮ್ಮ ಮನೆಗೆ ಕಾಲಿಡಲಿಲ್ಲ. ನಂಬದೆ ಹೋದವನ ಗತಿ ಏನು ಅಂತ ನಿನ್ನನ್ನೇ ಕೇಳಬೇಕಿತ್ತು. ನನಗೆ ಧೈರ್ಯವಾಗಲಿಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಮನೆಯಲ್ಲಿ ಒಬ್ಬಳೇ ಕೂರಲಾರದೆ ನವೆಂಬರಿನಿಂದ ಓಂ ಬೀಚಿನಲ್ಲಿ ಮಹಾಬಲನ ಹೋಟೆಲಿಗೆ ಅಡುಗೆಗೆ ಹೋಗುತ್ತಿದ್ದೇನೆ. ಅಲ್ಲಿ ಬರುವವರಲ್ಲಿ ಅರ್ಧ ಇಸ್ರೇಲಿನ ಹುಡುಗ ಹುಡುಗಿಯರು. ಯೆಹೂದ್ಯರ ಬಗ್ಗೆ ಶುಭ ಶುಕ್ರವಾರ ಯೇಸುವಿನ ಮರಣದ ಓದಿನಲ್ಲಿ ಕೇಳಿದ್ದೆ ಅಷ್ಟೇ, ಕಣ್ಣಾರೆ ಕಂಡದ್ದು ಈಗ. ಪಾತ್ರೆ ತೊಳೆಯುವ ಲಕ್ಕಿಯ ಹತ್ತಿರ ಅದನ್ನು ಹೇಳಿದ್ದೇ ತಪ್ಪಾಯಿತು.

"ಹೌದನೇ ಬಾಯಿ, ಈ ತಮಾರ್ ಅಂಬೋ ಹುಡ್ಗಿ ಜನ ಎಂತ ನಿಮ್ಮ ದೇವ್ರನ್ನ ಕೊಂದದ್ದು? ನಿನ್ನೆ ಜಿರಲೆ ಕಂಡು ಬೆಂಚು ಹತ್ತಿ ಕೂಗ್ತಿತ್ತಲೇ ಅದು!"

"ಸುಮ್ನಿರೇ. ಯೇಸು ಸ್ವಾಮಿನೂ ಅದೇ ಜನ."

"ಹಂಗಾರೆ ಮನೆಯೊಳಗಿನ ಜಗಳ. ನಿಮಗೆ ನಮಗೆ ಎಂತಕ್ಕೆ ಬಿಡಿ!"

ಆ ತಮಾರ್ ಒಂದು ಶುಕ್ರವಾರ ಸಂಜೆ ಒಳಗೆ ಬಂದು ಎರಡು ಮೇಣದಬತ್ತಿ ಕೇಳಿದಳು. ಹಚ್ಚಿ, ಕಣ್ಣಿಗೆ ಕೈ ಮುಚ್ಚಿಕೊಂಡು ಏನೋ ಹೇಳಿಕೊಂಡಳು. ಪ್ರಾರ್ಥನೆಯಾ ಅಂತ ಕೇಳಿದೆ. ಅವಳ ಇಂಗ್ಲಿಷೂ ನನ್ನದೂ ಸೇರಿ ಒಂದು ಮಾತಾಗುವಷ್ಟರಲ್ಲಿ ಅನ್ನ ತಳ ಹತ್ತಿತ್ತು. ತಾನು ದೇವರನ್ನು ನಂಬುವುದಿಲ್ಲವಂತೆ, ಅಜ್ಜಿಯನ್ನು ನಂಬುತ್ತಾಳಂತೆ. ಊರಲ್ಲಿ ಅಜ್ಜಿ ಪ್ರತಿ ಶುಕ್ರವಾರ ದೀಪ ಹಚ್ಚಿ, ಊಟಕ್ಕೆ ಇವಳ ಕುರ್ಚಿಯನ್ನೂ ಹಾಕಿಯೇ ಇಡುತ್ತಾಳಂತೆ. ನೀನು ನಂಬದ್ದಕ್ಕೆ ಸಿಟ್ಟಿಲ್ಲವಾ ಅವರಿಗೆ ಅಂದೆ. "ಸಿಟ್ಟಿದೆ, ಕುರ್ಚಿಯೂ ಇದೆ" ಎಂದು ನಕ್ಕಳು.

ಅದೇ ವಾರ ನಮ್ಮ ಕೇರಿಯ ಬೈಬಲ್ ಓದಿನಲ್ಲಿ ಸಂತ ಪೌಲನು ರೋಮಿನವರಿಗೆ ಬರೆದ ಪತ್ರ ಬಂತು, ಯೆಹೂದ್ಯರು ಯೇಸುವನ್ನು ನಂಬದೆ ಹೋದ ಭಾಗ. ಅವರನ್ನು ದೇವರ ಮರದಿಂದ ಮುರಿದ ಕೊಂಬೆಗಳಿಗೆ ಹೋಲಿಸುತ್ತಾನೆ ಪೌಲ. ಓದಿಸುವ ಪೆದ್ರು ಮಾಸ್ತರರು, "ನಂಬಲಿಲ್ಲ, ಕೊಂಬೆ ಮುರಿದು ಬಿತ್ತು. ಆತು, ಮುಗೀತು" ಅಂದರು.

"ಮುಗಿದಿದ್ರೆ ಮಾಸ್ತರರೇ, ಬರೆದವ ಅಳೋದು ಎಂತಕ್ಕೆ?" ಅಂದುಬಿಟ್ಟೆ.

"ಯಾರು ಅಳ್ತಾರೆ?"

"ಪೌಲ. ಶುರುವಿನಲ್ಲೇ ಅಳ್ತಾನಲ್ಲ."

"ಹತ್ತಿರ ಹತ್ತಿರ ಒಂದು ವರ್ಷಕ್ಕೆ ನತಾಲ್‌ಬಾಯಿ ಬಾಯಿ ಬಿಟ್ಟರು, ನನ್ನ ಪಾಠ ಹಾಳು" ಎಂದು ಮಾಸ್ತರರು ನಗಿಸಿದರು. ಆದರೆ ಹಿಂದಿನ ಪುಟ ತಿರುಗಿಸಿ ಗಟ್ಟಿಯಾಗಿ ಓದಿದರು. ನನ್ನವರಿಗೋಸ್ಕರ ನಾನೇ ಕ್ರಿಸ್ತನಿಂದ ದೂರವಾದರೂ ಆಗಲಿ ಅನ್ನುತ್ತಾನೆ ಪೌಲ, ಇನಾಸ. ಅದು ತೀರ್ಪು ಕೊಡುವವರ ಮಾತಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನೂ ಅದನ್ನೇ ಅಂದುಕೊಂಡಿದ್ದೆ. ಹಾಗೆ ಅಳುತ್ತಲೇ ಮುಂದೆ ಬರೆಯುತ್ತಾನೆ: ಮುರಿದ ಕೊಂಬೆಯನ್ನು ದೇವರು ಮತ್ತೆ ಅದೇ ಮರಕ್ಕೆ ಕೂಡಿಸಬಲ್ಲ, ಕೊಟ್ಟದ್ದನ್ನು ಅವನು ಕಿತ್ತುಕೊಳ್ಳುವವನಲ್ಲ, ಕರೆದವರನ್ನು ಬೇಡ ಅನ್ನುವವನಲ್ಲ. ಇಸ್ರೇಲರೆಲ್ಲರೂ ರಕ್ಷಣೆ ಹೊಂದುವರು ಅನ್ನುವವರೆಗೂ ಹೋಗುತ್ತಾನೆ. ಹೇಗೆ, ಯಾವಾಗ ಅಂತ ಅವನಿಗೂ ಗೊತ್ತಿಲ್ಲ. ಕೊನೆಗೆ ವಾದ ಬಿಟ್ಟು, ದೇವರ ದಾರಿ ಯಾರಿಗೆ ತಿಳಿಯುತ್ತದೆ ಎಂದು ಕೊಂಡಾಡುತ್ತಾನೆ.

"ಅಳು ಬೇರೆ, ನಂಬಿಕೆ ಬೇರೆ ಬಾಯಿ" ಎಂದರು ಮಾಸ್ತರರು. ಇರಬಹುದು. ಯೆಹೂದ್ಯರ ವಿಷಯವಾಗಿ ಬರೆದದ್ದನ್ನು ನನ್ನ ಮಗನಿಗೆ ಹಚ್ಚಬಹುದೋ ಇಲ್ಲವೋ, ಓದಿದವನು ನೀನು ಹೇಳಬೇಕು. ನನಗೆ ಗೊತ್ತಿರುವುದಿಷ್ಟೇ: ನೀನು ಪಾದ್ರಿಯಾದ ಮೇಲೆ ಮೊದಲ ಜ್ಞಾನಸ್ನಾನ ಕೊಟ್ಟದ್ದು ಜೆರೋಮನಿಗೆ. ಅವತ್ತು ದೇವರು ಅವನನ್ನು ಹೆಸರು ಹಿಡಿದು ಕರೆದದ್ದು ನಿನ್ನ ಬಾಯಿಂದ. ಅವನು ಬೇಡ ಅಂದನೆಂದು ದೇವರು ಆ ಕರೆಯನ್ನು ಹಿಂದೆ ತೆಗೆದುಕೊಂಡಿರಲಾರ. ಇದನ್ನು ಬರೆಯುವಾಗ ನನ್ನ ಕೈ ನಿಲ್ಲಲಿಲ್ಲ, ನೋಡು.

ಪೂಜೆಯ ಹಿಂದಿನ ದಿನವೇ ಬಾ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ದೊಡ್ಡ ಊಟ ಇರುವುದಿಲ್ಲ. ಗಂಜಿ, ಒಣಮೀನಿನ ಚಟ್ನಿ ಮಾಡುತ್ತೇನೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೋ, ಬೆಳಿಗ್ಗೆ ತಣ್ಣೀರು ಸ್ನಾನ ಬೇಡ. ಆಶೀರ್ವಾದ ಮಾಡುವ ನಿನ್ನ ಕೈಗೆ ದೇವರು ಬಲ ಕೊಡಲಿ.

ನಿನ್ನ ಅಕ್ಕ,
ನತಾಲಿ

ತಾ.ಕ.: ನಿನಗೆ ನೋವಾದೀತೆಂದು ಇದನ್ನು ಇಷ್ಟು ದಿನ ಬರೆದಿರಲಿಲ್ಲ. ಆ ದಿನ ಆಸ್ಪತ್ರೆಯಿಂದ ನೀನು ಹೋದ ಸ್ವಲ್ಪ ಹೊತ್ತಿಗೆ ಜೆರೋಮ ಈ ಕಡೆ ತಿರುಗಿ, "ಮಾಮ ಹೋದ್ನಾ?" ಅಂದ. ಎಂತಕ್ಕೆ ಅಂದೆ. "ಎಣ್ಣೆ ಗಿಣ್ಣೆ ಬೇಡ. ಸುಮ್ನೆ ಹತ್ರ ಕೂತ್ಕಳ್ಲಿ" ಅಂದ. ನಾನು ಗೇಟಿನವರೆಗೂ ಓಡಿದೆ. ನೀನು ಬಸ್ಸು ಹತ್ತಿ ಆಗಿತ್ತು. ಬಂದು ಹೇಳಿದೆ. "ಅಡ್ಡಿಲ್ಲ, ಬರ್ತಾನೆ ಅವ" ಎಂದು ಕಣ್ಣು ಮುಚ್ಚಿದ.